ಪೆಟ್ರೋಲ್ ಕಾರಿಗೆ ಎಲ್‌ಪಿಜಿ ಕಿಟ್: ಮೊದಲು ಲೆಕ್ಕ, ಆಮೇಲೆ ಗ್ಯಾರೇಜು

(ದೃಶ್ಯ: ಬೆಂಗಳೂರಿನ ಒಂದು ಗ್ಯಾಸ್ ಬಂಕ್. ಆಟೋಗಳ ಉದ್ದ ಸಾಲು, ನಡುವೆ ಒಂದು ಹಳೆಯ ಕಾರು.)

ನಮಸ್ಕಾರ. ಈ ಸಾಲು ನೋಡಿ, ಹೆಚ್ಚುಕಮ್ಮಿ ಎಲ್ಲವೂ ಆಟೋಗಳೇ. ಗ್ಯಾಸ್ ಲಾಭವೋ ನಷ್ಟವೋ ಅಂತ ಆಟೋದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಗಾಡಿ ಓಡುತ್ತದೆ, ಸಂಜೆ ಜೇಬು ನೋಡಿದರೆ ಗೊತ್ತಾಗುತ್ತದೆ. ಪೆಟ್ರೋಲ್ ಕಾರನ್ನು ಗ್ಯಾಸಿನಲ್ಲೂ ಓಡಿಸುವ ಕಿಟ್ ಹಾಕಿಸಬೇಕೋ ಬೇಡವೋ ಅನ್ನುವ ಗೊಂದಲ ಇರುವುದು ಕಾರಿನವರಿಗೆ. ಈ ವಿಡಿಯೋ ಅವರಿಗಾಗಿ.

(ದೃಶ್ಯ: ಬಂಕಿನ ದರದ ಬೋರ್ಡ್.)

ಬೋರ್ಡ್ ನೋಡಿ ಖುಷಿಪಡುವ ಮುಂಚೆ ಒಂದು ಮಾತು. ಒಂದು ಲೀಟರ್ ಎಲ್‌ಪಿಜಿಯಲ್ಲಿ ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇಲ್ಲ. ಸುಮಾರು ಕಾಲು ಭಾಗ ಕಡಿಮೆ. ಹಾಗಾಗಿ ಮೈಲೇಜೂ 20ರಿಂದ 25 ಪರ್ಸೆಂಟ್ ಇಳಿಯುತ್ತದೆ. ಪೆಟ್ರೋಲಿನಲ್ಲಿ 15 ಕೊಡುವ ಕಾರು ಗ್ಯಾಸಿನಲ್ಲಿ 12 ಕೊಟ್ಟರೆ ಸರಿಯಾಗಿದೆ ಅಂತಲೇ ಅರ್ಥ.

ಲೆಕ್ಕ ಸುಲಭವಾಗಲಿ ಅಂತ ಪೆಟ್ರೋಲ್ 100 ರೂಪಾಯಿ, ಗ್ಯಾಸ್ 65 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಊರಿನ ಇವತ್ತಿನ ದರ ನೀವೇ ಹಾಕಿಕೊಳ್ಳಿ. ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ. ಗ್ಯಾಸಿನಲ್ಲಿ 5 ರೂಪಾಯಿ 42 ಪೈಸೆ. ಉಳಿಯುವುದು ಒಂದೂಕಾಲು ರೂಪಾಯಿ, ಅಷ್ಟೇ. ಕಿಟ್ಟಿಗೆ 40,000 ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ದುಡ್ಡು ವಾಪಸ್ ಬರಲು 32,000 ಕಿಲೋಮೀಟರ್ ಓಡಿಸಬೇಕು. ದಿನಾ ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು ಹೋಗುವವರಿಗೆ ಅದು ವರ್ಷದೊಳಗಿನ ಮಾತು. ಭಾನುವಾರ ಮಾತ್ರ ಕಾರು ತೆಗೆಯುವವರಿಗೆ? ಕಿಟ್ಟಿನ ದುಡ್ಡು ಬರುವಷ್ಟರಲ್ಲಿ ಕಾರೇ ಮಾರಾಟಕ್ಕೆ ಬಂದಿರುತ್ತದೆ.

ಇನ್ನೊಂದು ಗುಟ್ಟು. ಗ್ಯಾಸ್ ಕಾರಿಗೂ ಪೆಟ್ರೋಲ್ ಬೇಕು. ಬೆಳಗ್ಗೆ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲೇ. ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ಬದಲಾಗುತ್ತದೆ. ಮನೆಯಿಂದ ತರಕಾರಿ ಅಂಗಡಿ, ಅಲ್ಲಿಂದ ಮನೆ ಅಂತ ಓಡಿಸಿದರೆ ಆ ಬದಲಾವಣೆ ಆಗುವಷ್ಟರಲ್ಲಿ ಮನೆ ಬಂದಿರುತ್ತದೆ!

ಯಾಕೆ ಬಿಸಿಯಾಗಬೇಕು ಗೊತ್ತಾ?

(ದೃಶ್ಯ: ಬಾನೆಟ್ ತೆರೆದಿದೆ. ರೆಡ್ಯೂಸರ್ ಕಡೆ ಕೈ ತೋರಿಸುವುದು.)

ಟ್ಯಾಂಕಿನಲ್ಲಿ ಇರುವುದು ಒತ್ತಡದಲ್ಲಿ ದ್ರವವಾಗಿರುವ ಪ್ರೊಪೇನ್ ಮತ್ತು ಬ್ಯುಟೇನ್. ಅದು ಕಾರಿನ ಅಡಿಯ ಪೈಪಿನಲ್ಲಿ ದ್ರವವಾಗಿಯೇ ಮುಂದಕ್ಕೆ ಬರುತ್ತದೆ. ಇಲ್ಲಿ, ಈ ರೆಡ್ಯೂಸರ್‌ನಲ್ಲಿ, ಗ್ಯಾಸ್ ಆಗುತ್ತದೆ. ದ್ರವ ಗ್ಯಾಸ್ ಆಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆ ಉರಿಯುತ್ತಿರುವಾಗ ಸಿಲಿಂಡರಿನ ಮೈ ತಣ್ಣಗಾಗಿ ಹನಿ ಕಟ್ಟಿರುತ್ತದೆ, ನೋಡಿದ್ದೀರಲ್ವಾ? ಅದೇ ಕಥೆ. ರೆಡ್ಯೂಸರ್ ಹೆಪ್ಪುಗಟ್ಟಬಾರದು ಅಂತ ರೇಡಿಯೇಟರಿನ ಬಿಸಿ ನೀರನ್ನು ಅದರೊಳಗೆ ಹರಿಸುತ್ತಾರೆ. ನೀರು ಕಾಯಬೇಕು, ಅದಕ್ಕೇ ಪೆಟ್ರೋಲ್.

ಕಿಟ್ಟಿನಲ್ಲಿ ಎರಡು ಜಾತಿ. ಹಳೆಯದು ಮಿಕ್ಸರ್ ಕಿಟ್. ಎಂಜಿನ್ ಎಳೆಯುವ ಗಾಳಿಯ ಜೊತೆಗೇ ಗ್ಯಾಸೂ ಸೇರಿಕೊಂಡು ಹೋಗುತ್ತದೆ. ಹೊಸದು ಸೀಕ್ವೆನ್ಷಿಯಲ್. ಎಂಜಿನ್ನಿನೊಳಗೆ ಇಂಧನ ಉರಿಯುವ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇದ್ದು, ಬೇಕಾದಾಗ ಬೇಕಾದಷ್ಟು ಮಾತ್ರ ಗ್ಯಾಸ್ ಬಿಡುತ್ತದೆ. ನನ್ನ ಹಳೆಯ ಕಾರಿನಲ್ಲಿ ಮಿಕ್ಸರ್ ಕಿಟ್ ಇತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ಢಂ ಅಂತ ಸದ್ದಾಯಿತು. ಟೈರ್ ಸಿಡಿಯಿತು ಅಂದುಕೊಂಡೆ. ಬಾನೆಟ್ ತೆಗೆದರೆ ಏರ್ ಫಿಲ್ಟರ್ ಡಬ್ಬಿ ಸೀಳಿತ್ತು. ತಪ್ಪು ನನ್ನದೇ. ಗ್ಯಾಸ್ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಜೋರಾದ ಕಿಡಿ ಬೇಕು, ನಾನು ಸ್ಪಾರ್ಕ್ ಪ್ಲಗ್ ಬದಲಾಯಿಸದೆ ವರ್ಷಗಟ್ಟಲೆ ಓಡಿಸಿದ್ದೆ. ಸರಿಯಾಗಿ ಉರಿಯದ ಗ್ಯಾಸ್ ಗಾಳಿ ಬರುವ ದಾರಿಯಲ್ಲೇ ಹೊತ್ತಿ ಸಿಡಿದಿತ್ತು. ಈಗಿನ ಇಂಜೆಕ್ಷನ್ ಕಾರಿಗೆ ಕಡಿಮೆ ದುಡ್ಡಿನ ಆಸೆಗೆ ಮಿಕ್ಸರ್ ಕಿಟ್ ಹಾಕಿಸಲೇಬೇಡಿ.

(ದೃಶ್ಯ: ಡಿಕ್ಕಿ. ಸ್ಟೆಪ್ನಿ ಜಾಗದಲ್ಲಿ ವಡೆಯಂಥ ಗುಂಡು ಟ್ಯಾಂಕ್.)

ನಡುವೆ ತೂತಿರುವ ಈ ಟ್ಯಾಂಕ್ ಸ್ಟೆಪ್ನಿ ಜಾಗದಲ್ಲಿ ಕೂರುತ್ತದೆ. ಸ್ಟೆಪ್ನಿ ಡಿಕ್ಕಿಗೆ ಬರುತ್ತದೆ, ಲಗೇಜ್ ಹಿಂದಿನ ಸೀಟಿಗೆ. ಟ್ಯಾಂಕನ್ನು 80 ಪರ್ಸೆಂಟಿಗಿಂತ ಜಾಸ್ತಿ ತುಂಬಿಸುವಂತಿಲ್ಲ, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಲ್ಲ. ಅದರ ವಾಲ್ವೇ ಅಲ್ಲಿಗೆ ನಿಲ್ಲಿಸುತ್ತದೆ.

ಅಡುಗೆ ಮನೆಯ ಸಿಲಿಂಡರಿನಲ್ಲಿ ಈ ವಾಲ್ವ್ ಇಲ್ಲ. ಆ ಸಿಲಿಂಡರ್ ನೆಟ್ಟಗೆ ನಿಂತು ಮೇಲಿನಿಂದ ಗ್ಯಾಸ್ ಕೊಡಲು ಮಾಡಿದ್ದು. ಅದನ್ನು ಡಿಕ್ಕಿಯಲ್ಲಿ ಮಲಗಿಸಿ ಓಡಿಸುವವರು, ಮೋಟರ್ ಇಟ್ಟು ಅದರಿಂದ ಕಾರಿಗೆ ತುಂಬಿಕೊಡುವವರು ಇದ್ದಾರೆ. ಅಪರಾಧ ಅನ್ನುವುದು ಒಂದು ಕಡೆ ಇರಲಿ, ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗುವುದಿಲ್ಲ, ನೆಲದ ಮಟ್ಟದಲ್ಲಿ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ವಾಸನೆ ಬಂದರೆ ಕಾರು ಸ್ಟಾರ್ಟ್ ಮಾಡಬೇಡಿ, ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಮೊದಲು ಹೊರಗೆ ಬನ್ನಿ.

ಈಗ ಕಾಗದಪತ್ರ. ಬೋರಿಂಗ್ ಅನ್ನಿಸುತ್ತದೆ, ಆದರೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯಲ್ಲಿ ಇಂಥ ಬದಲಾವಣೆ ಮಾಡಿದರೆ ಆರ್‌ಸಿಯಲ್ಲಿ ಬರೆಸಬೇಕು. ಕಿಟ್ಟಿಗೆ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಅನುಮೋದನೆ ಇರಬೇಕು, ಅದು ನಿಮ್ಮ ಕಾರಿಗೆ ಅನ್ವಯಿಸಬೇಕು. ಬಿಎಸ್-6 ಕಾರುಗಳಿಗೆ, ಅಂದರೆ ಹೊಗೆಯ ಹೊಸ ಮಾನದಂಡಕ್ಕೆ ತಕ್ಕ ಕಾರುಗಳಿಗೆ, ಕಿಟ್ ಹಾಕಿಸಲು ಕೇಂದ್ರ ಸರ್ಕಾರ ನಿಯಮ ತಂದಿದ್ದು 2022ರಲ್ಲಿ. ಆದರೂ ನಿಮ್ಮ ಮಾಡೆಲ್ಲಿಗೆ ಅನುಮೋದನೆ ಪಡೆದ ಕಿಟ್ ಇದೆಯಾ ಅಂತ ಆರ್‌ಟಿಒದಲ್ಲಿ ಕೇಳಿಕೊಂಡೇ ಅಡ್ವಾನ್ಸ್ ಕೊಡಿ. "ಆಮೇಲೆ ಮಾಡಿಸಿಕೊಡ್ತೀನಿ ಸಾರ್" ಅನ್ನುವ ಗ್ಯಾರೇಜಿನವರಿಗೆ ಅಲ್ಲೇ ಕೈ ಮುಗಿದು ಬನ್ನಿ. ಟ್ಯಾಂಕಿನ ಸರ್ಟಿಫಿಕೇಟ್ ಜೋಪಾನ, 5 ವರ್ಷಕ್ಕೊಮ್ಮೆ ಅದರ ಪರೀಕ್ಷೆ ಆಗಬೇಕು. ಹೊಸ ಕಾರಾದರೆ ವಾರಂಟಿ ಹೋಗುತ್ತದಾ ಅಂತಲೂ ಷೋರೂಮಿನಲ್ಲಿ ಕೇಳಿ.

ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಮೋಟಾರು ವಿಮೆಯ ಹಳೆಯ ದರಪಟ್ಟಿಯಲ್ಲಿ ಕಿಟ್ ಬೆಲೆಯ 4 ಪರ್ಸೆಂಟ್ ಹೆಚ್ಚು ಪ್ರೀಮಿಯಂ. 40,000ದ ಕಿಟ್ಟಿಗೆ 1,600 ರೂಪಾಯಿ. ಇದನ್ನು ಉಳಿಸಲು ಹೋಗಿ ಬಾಯಿಮುಚ್ಚಿಕೊಂಡು ಕೂತರೆ, ಅಪಘಾತವಾದ ದಿನ ಕ್ಲೇಮು ತಿರಸ್ಕರಿಸಲು ಅವರಿಗೆ ನೀವೇ ಕಾರಣ ಬರೆದುಕೊಟ್ಟ ಹಾಗೆ.

(ದೃಶ್ಯ: ಮತ್ತೆ ಬಂಕ್. ಸಾಲು ಸ್ವಲ್ಪ ಮುಂದೆ ಸಾಗಿದೆ.)

ಕೊನೆಗೆ, ನೀವು ದಿನಾ ಓಡಾಡುವ ದಾರಿಯಲ್ಲಿ ಗ್ಯಾಸ್ ಬಂಕ್ ಎಲ್ಲಿದೆ, ಸಾಲು ಎಷ್ಟು ಉದ್ದ ಇರುತ್ತದೆ ಅಂತ ಒಂದು ವಾರ ಸುಮ್ನೆ ಗಮನಿಸಿ. ನನ್ನ ಈಗಿನ ಕಾರು ತಿಂಗಳಿಗೆ 400 ಕಿಲೋಮೀಟರ್ ದಾಟುವುದಿಲ್ಲ. 32,000ಕ್ಕೆ 80 ತಿಂಗಳು ಬೇಕು. ನಾನು ಕಿಟ್ ಹಾಕಿಸಿಲ್ಲ. ನಿಮ್ಮ ಮೈಲೇಜ್, ನಿಮ್ಮ ಊರಿನ ದರ ಕಾಮೆಂಟಿನಲ್ಲಿ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.