ನಗು ಎದ್ದ ಕ್ಲಾಸಿನಲ್ಲಿ ಇಂಗ್ಲಿಷ್ ಬರೋದಿಲ್ಲ

ನಮಸ್ಕಾರ. ಇವತ್ತು ಡಿಗ್ರಿ ಮೊದಲ ವರ್ಷದ ಇಂಗ್ಲಿಷ್ ಕ್ಲಾಸಿನಲ್ಲಿ ಏಳುವ ಒಂದು ನಗುವಿನಿಂದ ಮಾತು ಶುರು ಮಾಡೋಣ.

ಹಳೇ ಮೈಸೂರು ಸೀಮೆಯ ಹಳ್ಳಿಯಿಂದ ಬಂದ ಹುಡುಗಿ ಪಾಠ ಓದ್ತಾ ಇದ್ದಾಳೆ. ‘ಹಿಲ್’ ಅನ್ನೋದು ‘ಇಲ್’ ಆಗುತ್ತೆ. ಮುಂದಿನ ಬೆಂಚಿನಲ್ಲಿ ಕಿಸಕ್. ಮೇಷ್ಟ್ರು ಓದು ನಿಲ್ಲಿಸಿ, ಎಲ್ಲರೆದುರು ಮೂರು ಸಲ ಹೇಳಿಸ್ತಾರೆ. ಆಮೇಲೆ ಅವಳು ಸೆಮಿಸ್ಟರ್ ಮುಗಿಯೋವರೆಗೂ ಬಾಯಿ ಬಿಡೋದಿಲ್ಲ. ಆ ನಗು ಇಂಗ್ಲಿಷಿನಿಂದ ಹುಟ್ಟಿದ್ದಲ್ಲ. ‘ಹಾಲು’ ಅನ್ನೋದನ್ನ ‘ಆಲು’ ಅಂದವರ ಜಾತಿ, ಊರು ಅಳೆಯೋ ನಮ್ಮ ಹಳೇ ನಗುವೇ ಇಂಗ್ಲಿಷ್ ಕ್ಲಾಸಿಗೂ ಬಂದು ಕೂತಿದೆ.

ಹಾಗಂತ ‘ಹ’ಕಾರ ಕಲಿಸೋದು ಬೇಡ ಅಂತಲ್ಲ. ಹೀಟ್–ಈಟ್, ಹೇರ್–ಏರ್, ಇಲ್ಲೆಲ್ಲ ಅರ್ಥವೇ ಬದಲಾಗುತ್ತೆ. ಆದರೆ ಒಬ್ಬಳ ಮುಖ ನೋಡಿ ತಿದ್ದಬೇಡಿ, ಇಡೀ ಕ್ಲಾಸಿಗೆ ಕಲಿಸಿ. ಐದು ಜೋಡಿ ಪದ ಸಾಕು. ಮೊದಲು ಕೇಳಿ ಗುರುತಿಸಲಿ, ಆಮೇಲೆ ಅಂಗೈ ಬಾಯಿಗೆ ಅಡ್ಡ ಹಿಡಿದು, ಬಿಸಿಯುಸಿರು ತಾಗುತ್ತಾ ನೋಡಿಕೊಂಡು ಹೇಳಲಿ. ಕಿವಿ ಪಳಗಿಸದೆ ಬರೀ ಗದರಿಸಿದರೆ ಬೇಡದ ಕಡೆಯೂ ‘ಹ’ ಹತ್ತಿಕೊಳ್ಳುತ್ತೆ. ‘ಎಗ್’ ಹೋಗಿ ‘ಹೆಗ್’ ಆಗುತ್ತೆ.

ಎಲ್ಲ ಧ್ವನಿಯ ಮೇಲೂ ಇಷ್ಟು ಶ್ರಮ ಹಾಕಬೇಕಾಗಿಲ್ಲ. ಇಂಗ್ಲಿಷ್ ಮನೆಮಾತಲ್ಲದವರು ತಮ್ಮತಮ್ಮಲ್ಲಿ ಮಾತಾಡುವಾಗ ಅರ್ಥ ಎಲ್ಲಿ ಕೆಡುತ್ತೆ, ಎಲ್ಲಿ ಕೆಡೋದಿಲ್ಲ ಅಂತ 2000ರಲ್ಲಿ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ ಪಟ್ಟಿ ಕೊಟ್ಟರು. ‘ಥಿಂಕ್’, ‘ದಿಸ್’ ಪದಗಳನ್ನ ನಾಲಗೆ ಹಲ್ಲಿನ ನಡುವೆ ತಂದೇ ಹೇಳಬೇಕು ಅನ್ನೋದು ಅದರಲ್ಲಿ ಕಡ್ಡಾಯವಲ್ಲ. ಆದರೆ ಸ್ವರದ ಹ್ರಸ್ವ, ದೀರ್ಘ ಬೇಕೇ ಬೇಕು. ಬಳೆ–ಬಾಳೆ ಗೊತ್ತಿರೋ ಕನ್ನಡದ ಮಕ್ಕಳಿಗೆ ಇದು ಅಂಗೈನೆಲ್ಲಿ. ಬೋರ್ಡಿನ ಮೇಲೆ ಕನ್ನಡ ಲಿಪಿಯಲ್ಲೇ ‘ಸಿಟ್’, ‘ಸೀಟ್’ ಅಂತ ಬರೆಯಿರಿ. ಅವರ ಭಾಷೆಯ ಶಕ್ತಿ ಇಂಗ್ಲಿಷಿಗೆ ಒದಗೋದನ್ನ ಅವರೇ ಕಾಣಲಿ.

ಇನ್ನು ಮೌನ. ಎಂಬತ್ತು ಜನರ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಏಳೋದು ಅದೇ ಮೂರು ಕೈ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡಷ್ಟೇ ಕಾಯ್ತಾರೆ, ಮೂರು ಸೆಕೆಂಡ್ ಕಾದರೂ ಉತ್ತರಗಳು ಉದ್ದವಾಗುತ್ತವೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರೋರಿಗೆ ಮೂರು ಸೆಕೆಂಡೂ ಸಾಲದು. ಎರಡು ನಿಮಿಷ ಕೊಡಿ, ಯಾವ ಭಾಷೆಯಲ್ಲಾದರೂ ಬರೆದುಕೊಳ್ಳಲಿ. ಪಕ್ಕದವರ ಹತ್ತಿರ ಒಂದು ಸಲ ಹೇಳಿ ನೋಡಲಿ. ಕೈ ಎತ್ತೋದು ಆಮೇಲೆ. ‘ಕ್ಲಾಸಿನಲ್ಲಿ ಕನ್ನಡ ಆಡಕೂಡದು’ ಅನ್ನೋ ನಿಯಮ ಬಾಯಿ ಮುಚ್ಚಿಸುತ್ತೆ ಅಷ್ಟೆ, ಇಂಗ್ಲಿಷ್ ತರೋದಿಲ್ಲ.

ಒಂದು ಚಟುವಟಿಕೆ ಹೇಳ್ತೀನಿ. ಗ್ರಾಮ ಪಂಚಾಯಿತಿಯ ಒಂದು ಕನ್ನಡ ನೋಟಿಸು ತಗೊಳ್ಳಿ. ನಾಲ್ಕು ಜನರ ಗುಂಪು. ನೋಟಿಸನ್ನ ಮೂರು ತುಂಡು ಮಾಡಿ ಮೂವರಿಗೆ ಕೊಡಿ. ನಾಲ್ಕನೆಯವರಿಗೆ ಖಾಲಿ ಹಾಳೆ. ಕೊನೇ ತಾರೀಖು ಯಾವುದು, ಯಾವ ದಾಖಲೆ ಬೇಕು, ಯಾರನ್ನ ನೋಡಬೇಕು ಅನ್ನೋದನ್ನ ಮೂವರೂ ಇಂಗ್ಲಿಷಿನಲ್ಲಿ ಹೇಳಬೇಕು, ನಾಲ್ಕನೆಯವರು ಬರೆದುಕೊಳ್ಳಬೇಕು. ತುಂಡು ಮಾಡದಿದ್ದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನೊಬ್ಬನೇ ಎಲ್ಲಾ ಹೇಳಿ ಮುಗಿಸ್ತಾನೆ, ಉಳಿದವರು ತಲೆ ಆಡಿಸ್ತಾರೆ. ಇಲ್ಲಿ ಕನ್ನಡ ಚೆನ್ನಾಗಿ ಬಲ್ಲವರ ಹತ್ತಿರವೇ ಮಾಹಿತಿ ಇರುತ್ತೆ, ಬೇರೆಯವರು ಅವರನ್ನ ಕೇಳಲೇಬೇಕು. ಕನ್ನಡ ಓದಲು ಬಾರದ ಹೊರರಾಜ್ಯದ ವಿದ್ಯಾರ್ಥಿ ಇದ್ದರೆ ಖಾಲಿ ಹಾಳೆ ಅವರಿಗಿರಲಿ, ಆಗ ಕೇಳೋದು ನಾಟಕ ಆಗೋದಿಲ್ಲ. ಮುಂದಿನ ವಾರ ಇಂಗ್ಲಿಷ್ ಪ್ರಕಟಣೆ ಕೊಟ್ಟು ಪಾತ್ರ ಬದಲಿಸಿ. ಭಾಷೆಯಿಂದ ಭಾಷೆಗೆ ವಿಷಯ ದಾಟಿಸೋದನ್ನ ಭಾಷಾ ಸಾಮರ್ಥ್ಯ ಅಳೆಯೋ ಯುರೋಪಿನ ಸಿಇಎಫ್ಆರ್ ಚೌಕಟ್ಟೂ ಒಂದು ಕೌಶಲ ಅಂತಲೇ ಎಣಿಸುತ್ತೆ.

ಅಂಕ ಕೊಡೋವಾಗ ಮಾತ್ರ ಹಳೇ ತಕ್ಕಡಿ ಹೊರಗೆ ಬರುತ್ತೆ: ‘ಫ್ಲುಯೆನ್ಸಿ’, ‘ಕಾನ್ಫಿಡೆನ್ಸ್’. ಇವೆರಡೂ ಹೆಚ್ಚಾಗಿ ಅಳೆಯೋದು ಮನೆಯನ್ನ. ಮಾತು ತೊದಲುವ ಹುಡುಗನಿಗೆ ಅಲ್ಲೇ ಸೊನ್ನೆ. ಅದರ ಬದಲು ಹೀಗೆ ಹಂಚಿ: ಹತ್ತು ಅಂಕ ಇದ್ದರೆ ಐದು, ಖಾಲಿ ಹಾಳೆಗೆ ಮಾಹಿತಿ ಸರಿಯಾಗಿ ಬಂತಾ ಅನ್ನೋದಕ್ಕೆ. ಎರಡು, ಅರ್ಥವಾಗದಾಗ ಮತ್ತೆ ಕೇಳಿದ್ದಕ್ಕೆ, ಬಿಡಿಸಿ ಹೇಳಿದ್ದಕ್ಕೆ. ಎರಡು ವ್ಯಾಕರಣಕ್ಕೆ, ಒಂದು ಪದಬಳಕೆಗೆ. ಈ ಹಂಚಿಕೆಯನ್ನ ಚಟುವಟಿಕೆಗೆ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ.

ಕಣ್ಣು ಕಾಣದ ವಿದ್ಯಾರ್ಥಿಗೆ ನೋಟ್ಸ್ ಕಳಿಸಿದ್ದೀವಿ ಅಂತಾರೆ. ಜೆರಾಕ್ಸ್ ಮಾಡಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಪರದೆಯ ಮೇಲಿನ ಅಕ್ಷರ ಓದಿ ಹೇಳೋ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದರಲ್ಲಿ ಓದೋ ಅಕ್ಷರವೇ ಇಲ್ಲ. ಕನ್ನಡ ಅರ್ಥಗಳನ್ನ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನ ಓದುತ್ತೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕೊಟ್ಟರೆ ಉಚಿತವಾಗಿ ಸಿಗೋ ಸ್ಕ್ರೀನ್ ರೀಡರ್ ಎನ್‌ವಿಡಿಎ ಎರಡು ಭಾಷೆಯನ್ನೂ ಓದಿ ಹೇಳುತ್ತೆ. ‘ಚಿತ್ರ ನೋಡಿ ವಿವರಿಸಿ’ ಅನ್ನೋ ಪ್ರಶ್ನೆಗೆ ಅಷ್ಟೇ ಅಂಕದ ಪರ್ಯಾಯ ಪ್ರಶ್ನೆ, ಪತ್ರಿಕೆ ತಯಾರಾಗುವಾಗಲೇ ಇರಬೇಕು.

ಕೊನೆಗೆ, ಸಮಯ. ಅರ್ಹ ಅಂಗವಿಕಲ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು. ಮೂರು ಗಂಟೆಯ ಪರೀಕ್ಷೆಯಲ್ಲಿ ಇದು ಎಲ್ಲರ ನೆನಪಿನಲ್ಲಿರುತ್ತೆ. ಒಂದು ಗಂಟೆಯ ಇಂಟರ್ನಲ್ ಟೆಸ್ಟಿನಲ್ಲಿ ಮರೆತೇಹೋಗುತ್ತೆ, ಯಾಕಂದರೆ ಗಂಟೆ ಹೊಡೆದ ತಕ್ಷಣ ಅದೇ ರೂಮಿಗೆ ಮುಂದಿನ ಕ್ಲಾಸು ಬರುತ್ತೆ. ಟೆಸ್ಟನ್ನ ದಿನದ ಕೊನೇ ಪೀರಿಯಡ್ಡಿಗೆ ಹಾಕಿ. ಆ 20 ನಿಮಿಷಕ್ಕೆ ಯಾರ ಹತ್ತಿರವೂ ಬೇಡಿಕೊಳ್ಳಬೇಕಾಗಿಲ್ಲ.