ಅಮ್ಮನ ಕೋಣೆಗೆ ಆಯಿಲ್ ಹೀಟರ್: ಫಿನ್ ಎಷ್ಟು ಅನ್ನೋದಕ್ಕಿಂತ ಪ್ಲಗ್ ಯಾವುದು ಅಂತ ಮೊದಲು ನೋಡಿ

ನಮಸ್ಕಾರ. ಈ ಶಾಟ್‌ನಲ್ಲಿ ವೈಪರ್ ಸದ್ದೇ ಜಾಸ್ತಿ ಬಂದಿದೆ, ಅದಕ್ಕೇ ಮನೆಗೆ ಬಂದ ಮೇಲೆ ಮಾತು ಸೇರಿಸುತ್ತಿದ್ದೇನೆ. ಆಲ್ದೂರು ಕಡೆಯಿಂದ ಚಿಕ್ಕಮಗಳೂರು ಪೇಟೆಗೆ ಹೋಗುವ ದಾರಿ ಇದು. ಪುನರ್ವಸು ಮಳೆ ಹಿಡಿದಿದೆ, ಬಿಡುವ ಲಕ್ಷಣ ಇಲ್ಲ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬಯಲುಸೀಮೆಯಿಂದ ನೋಡುತ್ತಿರುವವರಿಗೆ ಹೇಳುತ್ತೇನೆ. ಡಿಸೆಂಬರ್ ಚಳಿಯನ್ನು ನಾವು ತಡೆದುಕೊಳ್ಳುತ್ತೇವೆ, ಯಾಕಂದರೆ ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬರುತ್ತದೆ, ಕಾಫಿ ಕಣದಲ್ಲಿ ಸ್ವಲ್ಪ ನಿಂತರೆ ಮೈ ಬೆಚ್ಚಗಾಗುತ್ತದೆ. ಜುಲೈ ತಿಂಗಳ ಥಂಡಿ ಹಾಗಲ್ಲ. ಹಗಲಿಗೂ ರಾತ್ರಿಗೂ ವ್ಯತ್ಯಾಸ ಇಲ್ಲ, ಹಾಸಿಗೆ ಮುಟ್ಟಿದರೆ ಒದ್ದೆ ಅನ್ನಿಸುತ್ತದೆ, ಬೆಲ್ಟು ಚಪ್ಪಲಿ ಎಲ್ಲಾ ಬೂಷ್ಟು. ಅಮ್ಮನ ಮಂಡಿನೋವು ಈ ತಿಂಗಳಲ್ಲೇ ಏರುವುದು. ಹಾಗಾಗಿ ಈ ಸಲ ಅವರ ಕೋಣೆಗೆ ಹೀಟರ್ ಬೇಕೇ ಬೇಕು ಅಂತ ಹೊರಟಿದ್ದು.

ಅಮ್ಮ ಹೇಳಿದ್ದು ಇಷ್ಟೇ, "ಎಂತಕ್ಕೆ ಮಗಾ ಸುಮ್ನೆ ದುಡ್ಡು, ಅಗ್ಗಿಷ್ಟಿಕೆಗೆ ಒಂದಿಷ್ಟು ಕೆಂಡ ಹಾಕಿ ಇಟ್ಟರೆ ಆಗಲ್ವಾ." ಆಗಲ್ಲ ಅಮ್ಮ. ಮೊದಲಿನ ಮನೆಯಲ್ಲಿ ಹಂಚಿನ ಸಂದು, ಕಿಟಕಿ ಸಂದು, ಎಲ್ಲಾ ಕಡೆಯಿಂದ ಗಾಳಿ ಆಡುತ್ತಿತ್ತು. ಈಗ ಗಾಜು ಹಾಕಿಸಿ ಬಾಗಿಲು ಮುಚ್ಚಿ ಮಲಗುತ್ತೇವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಯಾರೂ ಮಾಡಬೇಡಿ, ಹೋಂಸ್ಟೇ ನಡೆಸುವವರಂತೂ ಮಾಡಲೇಬೇಡಿ.

ಸರಿ, ಅಂಗಡಿ ಬಂತು. ಹೆಸರು ಬೇಡ. ಎಂ.ಜಿ. ರೋಡ್, ಐ.ಜಿ. ರೋಡ್ ಎರಡೂ ಕಡೆ ಸುತ್ತಿದ್ದೇವೆ, ಎಲ್ಲಾ ಕಡೆ ಒಂದೇ ಕಥೆ. ಕೆಂಪಗೆ ಉರಿಯುವ ರಾಡ್ ಹೀಟರ್ ಕಾಣುತ್ತಿದೆಯಲ್ಲ, ಅದು ಎದುರಿಗೆ ಕೂತವರಿಗೆ ಮಾತ್ರ ಬೆಚ್ಚಗೆ, ಬೆನ್ನು ತಣ್ಣಗೇ ಇರುತ್ತದೆ, ಸೀರೆ ಸೆರಗು ತಾಗಿದರೆ ಕಷ್ಟ. ಬೇಡ. ಫ್ಯಾನ್ ಹೀಟರ್ ಬೇಗ ಬಿಸಿ ಮಾಡುತ್ತದೆ, ಬೆಲೆಯೂ ಕಡಿಮೆ, ಆದರೆ ರಾತ್ರಿಯಿಡೀ ಗುಂಯ್ ಅನ್ನುತ್ತದೆ. ಅಮ್ಮನಿಗೆ ಮೊದಲೇ ನಿದ್ದೆ ಕಮ್ಮಿ, ಅದೂ ಬೇಡ. ಉಳಿದಿದ್ದು ಈ ಆಯಿಲ್ ಹೀಟರ್, ರೇಡಿಯೇಟರ್ ಅಂತಾರೆ. ಒಳಗೆ ಎಣ್ಣೆ ಇದೆ, ಅದನ್ನು ಕರೆಂಟಿನ ಕಾಯಿಲ್ ಬಿಸಿ ಮಾಡುತ್ತದೆ, ಎಣ್ಣೆ ಫಿನ್‌ಗಳ, ಅಂದರೆ ಸಾಲಾಗಿ ನಿಂತ ಈ ಲೋಹದ ಪಟ್ಟಿಗಳ ಒಳಗೇ ತಿರುಗುತ್ತದೆ. ಎಣ್ಣೆ ಉರಿಯುವುದಿಲ್ಲ, ಖಾಲಿ ಆಗುವುದಿಲ್ಲ, ತುಂಬಿಸುವ ಕೆಲಸವೂ ಇಲ್ಲ. ಕೋಣೆ ಬಿಸಿ ಆಗಲು ಅರ್ಧ ಗಂಟೆ ಬೇಕು. ಆದರೆ ಆಫ್ ಮಾಡಿದ ಮೇಲೂ, ಬಚ್ಚಲ ಹಂಡೆ ಒಲೆ ಆರಿದ ಮೇಲೂ ಬಿಸಿ ಇರುತ್ತದಲ್ಲ, ಹಾಗೆ ಸ್ವಲ್ಪ ಹೊತ್ತು ಬಿಸಿ ಉಳಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಬರುವ ಊರಿಗೆ ಇದು ದೊಡ್ಡ ವಿಷಯ.

ಇಲ್ಲಿ ಅಂಗಡಿಯವನು ಹೇಳುತ್ತಿದ್ದಾನೆ, "13 ಫಿನ್ ತಗೊಳ್ಳಿ ಅಣ್ಣಾ, ಬಿಲ್ ಕಮ್ಮಿ ಬರುತ್ತೆ." ಇದು ಶುದ್ಧ ಸುಳ್ಳು. ಕಾಯಿಲ್ ಬಿಸಿ ಮಾಡುವ ಯಾವ ಹೀಟರ್ ಆದರೂ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿಯನ್ನೇ ಕೊಡುವುದು. ಸಾವಿರ ರೂಪಾಯಿಯದ್ದೂ ಅಷ್ಟೇ, ಹದಿನೈದು ಸಾವಿರದ್ದೂ ಅಷ್ಟೇ. ಫಿನ್ ಜಾಸ್ತಿ ಇದ್ದರೆ ಬಿಸಿ ಹರಡುವ ಜಾಗ ಜಾಸ್ತಿ, ಅದೇ ವ್ಯಾಟ್ ಆದರೆ ಮೇಲ್ಮೈ ಸ್ವಲ್ಪ ಕಡಿಮೆ ಸುಡುತ್ತದೆ, ಮುಟ್ಟಿದರೆ ಅಷ್ಟು ಭಯ ಇಲ್ಲ, ಅಷ್ಟೇ ಲಾಭ. ಬಿಲ್ ಕಡಿಮೆ ಮಾಡುವುದು ಥರ್ಮೋಸ್ಟಾಟ್, ಅಂದರೆ ಬೇಕಾದಷ್ಟು ಬಿಸಿ ಆದ ಮೇಲೆ ತಾನೇ ಕರೆಂಟ್ ಕಟ್ ಮಾಡುವ ಸ್ವಿಚ್, ಮತ್ತು ನಿಮ್ಮ ಕೋಣೆ. ಥರ್ಮೋಸ್ಟಾಟ್ ಸರಿಯಾಗಿ ಕಟ್ ಆಗಿ ಮತ್ತೆ ಆನ್ ಆಗುತ್ತದಾ, ಮೂರು ಹಂತದ ವ್ಯಾಟ್ ಇದೆಯಾ, ಬಿದ್ದರೆ ತಾನೇ ಆಫ್ ಆಗುತ್ತದಾ, ಐಎಸ್‌ಐ ಗುರುತು ಇದೆಯಾ, ಇವಿಷ್ಟು ನೋಡಿ. ನಾವು ಆರಿಸಿದ್ದು 9 ಫಿನ್, 800, 1200, 2000 ವ್ಯಾಟ್ ಹಂತಗಳು. ಚದರ ಅಡಿಗೆ ಹತ್ತು ವ್ಯಾಟ್ ಅಂತ ಅಂದಾಜು ಲೆಕ್ಕ ಹಿಡಿದರೆ 10ಕ್ಕೆ 12 ಅಡಿ ಕೋಣೆಗೆ 1200 ಸಾಕು. ಬೆಲೆ 9,400 ರೂಪಾಯಿ. ಚೌಕಾಸಿಗೆ ಬಗ್ಗಲಿಲ್ಲ.

ಬಣ್ಣದ ವಿಷಯ. ಕಪ್ಪು ಇತ್ತು, ಬಿಳಿ ಇತ್ತು. ಬಿಳಿ ನನಗೆ ಒಂಚೂರೂ ಇಷ್ಟ ಇಲ್ಲ, ಆಸ್ಪತ್ರೆ ಸಾಮಾನಿನ ಹಾಗೆ ಕಾಣುತ್ತದೆ ಅಂತ ಅಲ್ಲೇ ಹೇಳಿದೆ. ಕಪ್ಪು ಜಾಸ್ತಿ ಬಿಸಿ ಕೊಡುತ್ತದೆ ಅಂತ ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ಹೇಳಿದರು. ಅದು ಹಾಗಿಲ್ಲ. ಈ ಬಿಸಿಯಲ್ಲಿ ಮಾಮೂಲಿ ಪೇಂಟ್ ಬಿಳಿ ಇರಲಿ ಕಪ್ಪಿರಲಿ, ಶಾಖ ಹೊರಸೂಸುವುದು ಹೆಚ್ಚುಕಡಿಮೆ ಒಂದೇ. ಸಿಲ್ವರ್, ಅಲ್ಯುಮಿನಿಯಂ ಪೇಂಟ್ ಬಳಿದರೆ ಮಾತ್ರ ಕಡಿಮೆ ಆಗುತ್ತದೆ. ಆದ್ದರಿಂದ ಬಣ್ಣವನ್ನು ಕಣ್ಣಿಗೆ ಬೇಕಾದ ಹಾಗೆ ಆರಿಸಿ.

ಈ ವಿಡಿಯೋ ಕಾಲ್ ಕ್ಲಿಪ್ ನಮ್ಮ ಭಾವನದ್ದು, ಜರ್ಮನಿಯಲ್ಲಿದ್ದಾರೆ. ಅಲ್ಲಿನ ರೇಡಿಯೇಟರ್ ಬೇರೆಯೇ. ನೆಲಮಾಳಿಗೆಯ ಬಾಯ್ಲರಿನಿಂದ ಬಿಸಿನೀರು ಪೈಪಿನಲ್ಲಿ ಬಂದು ಗೋಡೆಯ ಪ್ಯಾನೆಲ್ ಒಳಗೆ ಹರಿದು ವಾಪಸ್ ಹೋಗುತ್ತದೆ. ಕಿಟಕಿಯ ಕೆಳಗೇ ಇಟ್ಟಿದ್ದಾರೆ ನೋಡಿ, ಗಾಜಿನಿಂದ ಇಳಿಯುವ ತಣ್ಣನೆ ಗಾಳಿಯನ್ನು ಅಲ್ಲೇ ಬಿಸಿ ಮಾಡಲಿ ಅಂತ. ಪಕ್ಕದ ತಿರುಪಿನಲ್ಲಿ 1ರಿಂದ 5 ನಂಬರ್, 3ಕ್ಕೆ ಇಟ್ಟರೆ ಕೋಣೆ ಸುಮಾರು 20 ಡಿಗ್ರಿ. ಅಲ್ಲಿ ಆರಿಸುವಾಗ ವ್ಯಾಟ್ ಸಂಖ್ಯೆಯನ್ನು ಯಾವ ನೀರಿನ ಬಿಸಿಗೆ ಹೇಳಿದ್ದಾರೆ ಅಂತ ನೋಡಲೇಬೇಕಂತೆ. ಯುರೋಪಿನ ಅಳತೆ ಪ್ರಕಾರ ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ಕ್ಕೆ ಹೊರಗೆ ಬರಬೇಕು, ಕೋಣೆ 20 ಇರಬೇಕು. ಈಗ ಅಲ್ಲಿ ಬಾಯ್ಲರ್ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಬಿಸಿಯನ್ನು ಎಳೆದು ಒಳಗೆ ತರುವ ಯಂತ್ರ ಹಾಕಿಸುತ್ತಿದ್ದಾರೆ, ಅದರಲ್ಲಿ ನೀರು 45 ಡಿಗ್ರಿಯಲ್ಲಿ ಒಳಗೆ ಹೋಗಿ 35ಕ್ಕೆ ಹೊರಬಂದರೆ ಅದೇ ಪ್ಯಾನೆಲ್ ಕೊಡುವ ಬಿಸಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ಪ್ಯಾನೆಲ್ ಬೇಕು. ಅಕ್ಕ ಚಂದ ಕಾಣಲಿ ಅಂತ ಅದಕ್ಕೆ ಮರದ ಪೆಟ್ಟಿಗೆ ಮಾಡಿಸಿದ್ದಾಳೆ, ಅದೂ ಬಿಸಿಯನ್ನು ತಡೆಯುತ್ತದೆ. ಹೇಳಿದರೆ ಕೇಳುವುದಿಲ್ಲ, ಇರಲಿ. ನಮಗೆ ಪೈಪ್ ಎಳೆಸುವಷ್ಟು ಚಳಿ ಇಲ್ಲ.

ಈಗ ಬಂತು ನೋಡಿ, ನನಗೆ ಸಿಟ್ಟು ಬಂದ ಜಾಗ. ಬಿಲ್ ಆಯಿತು, ಪ್ಯಾಕ್ ಆಯಿತು, ಹೀಟರಿನ ಪ್ಲಗ್ ದಪ್ಪ ಪಿನ್ನಿನದು, 16 ಆಂಪ್ಸ್. ಅಮ್ಮನ ಕೋಣೆಯಲ್ಲಿ ಇರುವುದು ಮೊಬೈಲ್ ಚಾರ್ಜ್ ಮಾಡುವ 6 ಆಂಪ್ಸ್ ಸಾಕೆಟ್. ಪವರ್ ಪ್ಲಗ್ ಇಲ್ಲ ಅಂತ ಹೇಳಿದ ತಕ್ಷಣ ಅಂಗಡಿಯವನು ನಗುತ್ತಾ ಡ್ರಾಯರಿನಿಂದ ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹಾಕುವ ಒಂದು ಕನ್ವರ್ಷನ್ ಪ್ಲಗ್ ತೆಗೆದು, "ಇದು ನಮ್ಮ ಕಡೆಯಿಂದ ಫ್ರೀ ಅಣ್ಣಾ, ಎಲ್ಲರೂ ಇದನ್ನೇ ಹಾಕೋದು" ಅಂದ. ಲೆಕ್ಕ ಬಹಳ ಸುಲಭ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ, 8.7 ಆಂಪ್ಸ್ ಬರುತ್ತದೆ. ಆರು ಆಂಪ್ಸಿನ ಸಾಕೆಟ್ ಅದು. ಅದರ ಹಿಂದಿನ ವೈರು ತೆಳ್ಳಗಿನದು, ಲೈಟು ಫ್ಯಾನಿಗೆ ಅಂತ ಎಳೆದಿದ್ದು. ಮಿಕ್ಸಿ ಆದರೆ ಎರಡು ನಿಮಿಷ ತಿರುಗಿಸಿ ನಿಲ್ಲಿಸುತ್ತೇವೆ. ಹೀಟರ್ ಹಾಗಲ್ಲ, ಗಂಟೆಗಟ್ಟಲೆ ಎಳೆಯುತ್ತದೆ. ಸಾಕೆಟ್ ಒಳಗೆ ಪಿನ್ ಸ್ವಲ್ಪ ಸಡಿಲ ಇದ್ದರೂ ಅಲ್ಲೇ ಬಿಸಿ ಏರಿ ಪ್ಲಾಸ್ಟಿಕ್ ಕರಗಲು ಶುರು. ನಮ್ಮ ಪಕ್ಕದ ತೋಟದ ಮನೆಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಹೀಗೇ ಕರಗಿ ಮಂಚದ ಕಾಲು ಸುಟ್ಟಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ರಾತ್ರಿ ಹೊತ್ತು, ವಯಸ್ಸಾದವರು ಒಬ್ಬರೇ ಮಲಗುವ ಕೋಣೆಗೆ, ಕಂಬಳಿ ಹಾಸಿಗೆ ಇರುವ ಕಡೆ, ಇದನ್ನು ಫ್ರೀ ಅಂತ ಕೈಗೆ ಕೊಡುತ್ತಾರೆ ಅಂದರೆ ಏನು ಹೇಳುವುದು? ನಾನು ತೆಗೆದುಕೊಳ್ಳಲಿಲ್ಲ. "1200ರಲ್ಲೇ ಇಟ್ಟರೆ 5.2 ಆಂಪ್ಸ್ ಅಷ್ಟೇ ಅಲ್ವಾ" ಅಂತ ಅವನು ಮತ್ತೆ ವಾದ. ಅಂಕಿ ಸರಿ. ಆದರೆ ಬೆಳಗಿನ ಜಾವ ಚಳಿ ಜಾಸ್ತಿ ಆಗಿ ಅಮ್ಮ ಇನ್ನೊಂದು ಸ್ವಿಚ್ ಒತ್ತಿದರೆ? ಅಲ್ಲಿಂದ ನೇರ ಕರೆಂಟ್ ಕೆಲಸದವರಿಗೆ ಫೋನ್ ಮಾಡಿದೆ. ಮಳೆಯಲ್ಲಿ ಬರಲ್ಲ ಅಂದರು, ನಾಳೆ ಅಂದರು, ಆಮೇಲೆ ಫೋನೇ ತೆಗೆಯಲಿಲ್ಲ, ಕೊನೆಗೆ ಅಮ್ಮನೇ ಅವರ ಮನೆಯವರಿಗೆ ಫೋನ್ ಮಾಡಿದ ಮೇಲೆ ಬಂದರು. ಹೀಟರ್ ಅಷ್ಟೂ ದಿನ ಡಬ್ಬದಲ್ಲೇ ಇತ್ತು.

ಮೇನ್ ಬೋರ್ಡಿನಿಂದ ಬೇರೆಯೇ ಲೈನ್. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಲೋಡ್ ಜಾಸ್ತಿ ಆದರೆ ತಾನೇ ಟ್ರಿಪ್ ಆಗುವ ಪ್ರತ್ಯೇಕ ಎಂಸಿಬಿ ಸ್ವಿಚ್, ಅರ್ಥಿಂಗ್ ಚೆಕ್ ಮಾಡಿದ್ದು ನೋಡುತ್ತಿದ್ದೀರಿ. ಮಣ್ಣಿನ ಗೋಡೆ ಕೊರೆಯುವುದು ಬೇಡ ಅಂತ ಕೇಸಿಂಗ್ ಪಟ್ಟಿಯಲ್ಲೇ ಎಳೆದರು. ಸಾಮಾನು, ಕೂಲಿ ಸೇರಿ 2,800. ಅಂದರೆ ಹೀಟರಿನ ನಿಜವಾದ ಬೆಲೆ 12,200. ಯಾವ ಅಂಗಡಿಯಲ್ಲೂ ಇದನ್ನು ಮೊದಲೇ ಹೇಳುವುದಿಲ್ಲ.

ಕೋಣೆಗೆ ಬಂದೆವು. ಕೆಂಪು ನೆಲ, ಮರದ ಕಿಟಕಿ, ಪಕ್ಕದಲ್ಲಿ ಬಿಳಿ ಹೀಟರ್. ಹೌದು, ಬಿಳಿಯದ್ದೇ ತಂದೆವು, ಕಪ್ಪಿನಲ್ಲಿ ಈ ಮಾಡೆಲ್ ಇರಲಿಲ್ಲ. ಈಗ ನೋಡಿದರೆ ಬಿಳಿಯೇ ಚಂದ. ಸುಣ್ಣದ ಗೋಡೆಗೆ ಹೊಂದಿಕೊಂಡು ಕಣ್ಣಿಗೆ ಹೊಡೆಯುವುದಿಲ್ಲ.

ಮೇಲೆ ಮರದ ಮುಚ್ಚಿಗೆ ಇದೆ, ಕ್ಯಾಮೆರಾ ಎತ್ತುತ್ತೇನೆ. ಈ ಕೋಣೆಯನ್ನೇ ಆರಿಸಲು ಕಾರಣ ಅದು. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಜಗಲಿಯಂಥ ಬರೀ ಹಂಚಿನ ಕಡೆ ಇಟ್ಟರೆ ಹಂಚಿನ ಸಂದಿನಲ್ಲಿ ಆಕಾಶಕ್ಕೆ ಹೋಗುತ್ತದೆ, 3000 ವ್ಯಾಟ್ ಹಾಕಿದರೂ ಅಷ್ಟೇ. ಕಿಟಕಿ ಸಂದಿಗೆ ಫೋಮ್ ಪಟ್ಟಿ ಅಂಟಿಸಿದ್ದೇವೆ, ಬಾಗಿಲ ಕೆಳಗೆ ಹಳೇ ಸೀರೆ ಸುತ್ತಿ ಇಟ್ಟಿದ್ದೇವೆ. ಹೀಟರಿಗೆ ಖರ್ಚು ಮಾಡುವ ಮೊದಲು ಇದನ್ನು ಮಾಡಿ, ಇದಕ್ಕೆ ನೂರಿನ್ನೂರು ರೂಪಾಯಿ ಸಾಕು.

ಇನ್ನೊಂದು ತೊಂದರೆ ವೋಲ್ಟೇಜ್. ಸಂಜೆ ಹೊತ್ತು ನಮ್ಮಲ್ಲಿ 180ಕ್ಕೆ ಇಳಿಯುತ್ತದೆ. ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕಡಿಮೆ ಆಗುವುದರಿಂದ 2000 ವ್ಯಾಟಿನದು ಸುಮಾರು 1,225 ಮಾತ್ರ ಕೊಡುತ್ತದೆ. ಹೀಟರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ, ಮೊದಲು ವೋಲ್ಟೇಜ್ ನೋಡಿ. ಇನ್ವರ್ಟರ್ ಲೈನಿಗಂತೂ ಕೊಡಲೇಬೇಡಿ.

ಕರೆಂಟ್ ಖರ್ಚು ಎಷ್ಟು ಅಂತ ಕೇಳುತ್ತೀರಿ, ಗೊತ್ತು. 1200 ವ್ಯಾಟಿನಲ್ಲಿ ರಾತ್ರಿ ಐದು ಗಂಟೆ, ಎಲ್ಲೂ ಕಟ್ ಆಗದೇ ಓಡಿದರೆ ಆರು ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ ದಿನಕ್ಕೆ 36. ಥರ್ಮೋಸ್ಟಾಟ್ ಕೆಲಸ ಮಾಡಿದರೆ ಇನ್ನೂ ಕಡಿಮೆ. ಆದರೆ ತಿಂಗಳಿಗೆ 180 ಯೂನಿಟ್ ಆಯಿತಲ್ಲ, ಅಲ್ಲೇ ಇರುವುದು ಪೆಟ್ಟು. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಮಾಡಿದ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟು ಮಾತ್ರ ಉಚಿತ. ಒಟ್ಟು 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮೆಸ್ಕಾಂ ಬಿಲ್ ತೆಗೆದು ನಿಮ್ಮ ಸರಾಸರಿ ಎಷ್ಟಿದೆ ನೋಡಿಕೊಳ್ಳಿ. ಹಾಸನ ಕಡೆಯವರಿಗೆ ಚೆಸ್ಕಾಂ, ನಿಯಮ ಒಂದೇ.

ನಿಜವಾಗಿ ಕರೆಂಟ್ ಉಳಿಸಬೇಕು ಅಂದರೆ ಬಿಸಿ ತಂಪು ಎರಡೂ ಮಾಡುವ ಇನ್ವರ್ಟರ್ ಎಸಿ ಇದೆ. ಅದು ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಒಳಗೆ ತರುತ್ತದೆ, ಒಂದು ಯೂನಿಟ್ಟಿಗೆ ಮೂರು ಯೂನಿಟ್‌ನಷ್ಟು ಬಿಸಿ. ನಮ್ಮ ಹವೆಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವರ್ಷದಲ್ಲಿ ಐದಾರು ತಿಂಗಳು ಹೀಟರ್ ಓಡಿಸುವ ಹೋಂಸ್ಟೇಯವರು ಅದನ್ನೇ ಹಾಕಿಸಿಕೊಳ್ಳಿ. ಒಂದು ಕೋಣೆಗೆ, ಮಳೆಗಾಲಕ್ಕೆ ಮಾತ್ರ ಅಂದರೆ ಅಷ್ಟು ದುಡ್ಡು ಬೇಡ.

ಈ ಚಿಕ್ಕ ಮೀಟರ್ ತೇವಾಂಶ ತೋರಿಸುತ್ತದೆ. ಹಚ್ಚುವ ಮೊದಲು 18 ಡಿಗ್ರಿ, ಶೇಕಡಾ 95. ಈಗ 23 ಡಿಗ್ರಿ, ಹತ್ತಿರ ಹತ್ತಿರ 70. ಗಾಳಿಯಲ್ಲಿದ್ದ ನೀರು ಎಲ್ಲೂ ಹೋಗಿಲ್ಲ, ಬಿಸಿ ಗಾಳಿ ಜಾಸ್ತಿ ನೀರು ಹಿಡಿಯುತ್ತದೆ ಅಷ್ಟೇ. ಆದರೂ ಹಾಸಿಗೆಯ ಒದ್ದೆ ಹೋಗಲು, ಬೂಷ್ಟು ತಡೆಯಲು ಇದು ಸಾಕು. ಅಮ್ಮ ಆಗಲೇ ಟವೆಲ್ ತಂದು ಹೀಟರ್ ಮೇಲೆ ಹಾಕಲು ಹೊರಟಿದ್ದಾರೆ, ಕಾಣುತ್ತಿದೆಯಾ? "ಅಮ್ಮಾ ಬೇಡ, ಮೇಲೆ ಹಾಕಬಾರದು." ಬಟ್ಟೆ ಮುಚ್ಚಿದರೆ ಬಿಸಿ ಒಳಗೇ ಉಳಿದು ಕಟ್ ಆಗುತ್ತದೆ, ಕಟ್ ಆಗದಿದ್ದರೆ ಸುಡುತ್ತದೆ. ಒಂದು ಮೀಟರ್ ದೂರ ಕುರ್ಚಿ ಇಟ್ಟು ಅದರ ಮೇಲೆ ಹರಡಿದ್ದೇವೆ.

ಟಿಕ್ ಟಿಕ್ ಅಂತ ಸದ್ದು ಬರುತ್ತಿದೆ, ಅದು ಲೋಹ ಹಿಗ್ಗುವ ಸದ್ದು, ಹೆದರಬೇಡಿ. ಉಳಿದ ಎರಡು ಕಿಟಕಿಗೆ ಫೋಮ್ ಪಟ್ಟಿ ಸಾಲಲಿಲ್ಲ, ಪೇಟೆಗೆ ಹೋದಾಗ ತರಬೇಕು. ತಿಂಗಳ ಬಿಲ್ ಬಂದ ಮೇಲೆ ಅಂಕಿ ತೋರಿಸುತ್ತೇನೆ. ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ, ಬರ್ತೀನಿ.