ಸೋತು ಗೊತ್ತಿರುವ ಚಾಂಪಿಯನ್ ಬೇಕು

ಎಲ್ಲರಿಗೂ ನಮಸ್ಕಾರ. ದೊಡ್ಡ ಚಾಂಪಿಯನ್ ಆಗಿದ್ದವರು ಒಳ್ಳೆಯ ಕೋಚ್ ಆಗುತ್ತಾರಾ? ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಟಿವಿಯಲ್ಲಿ ಟೆನಿಸ್ ನೋಡುವಾಗ ಕ್ಯಾಮೆರಾ ಆಗಾಗ ಆಟಗಾರರ ಬಾಕ್ಸ್ ಕಡೆ, ಅಂದರೆ ಅವರ ಕೋಚ್ ಮತ್ತು ಮನೆಯವರು ಕೂರುವ ಜಾಗದ ಕಡೆ ತಿರುಗುತ್ತದೆ, ಅಲ್ವಾ? 2014ರಲ್ಲಿ ಅಲ್ಲಿ ಕೂತವರನ್ನು ನೋಡಿದರೆ ದೂರದರ್ಶನದ ಕಾಲ ನೆನಪಾಗುತ್ತಿತ್ತು. ಜೊಕೊವಿಚ್ ಬಾಕ್ಸಿನಲ್ಲಿ ಕೋಚ್ ಆಗಿ ಬೋರಿಸ್ ಬೆಕರ್, ಫೆಡರರ್ ಬಾಕ್ಸಿನಲ್ಲಿ ಸ್ಟೀಫನ್ ಎಡ್ಬರ್ಗ್. 1988, 89, 90, ಮೂರೂ ವರ್ಷ ವಿಂಬಲ್ಡನ್ ಫೈನಲ್ ಆಡಿದ್ದು ಇವರಿಬ್ಬರೇ. 2014 ಮತ್ತು 2015ರ ಫೈನಲ್‌ಗಳಲ್ಲಿ ಇವರ ಶಿಷ್ಯರು ಎದುರುಬದುರಾದರು. ಎರಡು ಸಲವೂ ಗೆದ್ದಿದ್ದು ಬೆಕರ್ ಶಿಷ್ಯ.

ಹಾಗಂತ ಬೆಕರ್ ಒಳ್ಳೆಯ ಕೋಚ್, ಎಡ್ಬರ್ಗ್ ಅಲ್ಲ ಅನ್ನೋಣವೇ? ಅಷ್ಟು ಸಲೀಸಲ್ಲ. ಅದಕ್ಕೆ ಮೊದಲು ಇವಾನ್ ಲೆಂಡಲ್ ಕಥೆ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಅದೇ.

2011ರ ಕೊನೆಯ ಹೊತ್ತಿಗೆ ಆಂಡಿ ಮರ್ರೆ ಮೂರು ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳು) ಫೈನಲ್ ಆಡಿದ್ದರು. ಮೂರರಲ್ಲೂ ಸೋಲು. ಒಂದೇ ಒಂದು ಸೆಟ್ ಕೂಡ ಗೆದ್ದಿರಲಿಲ್ಲ. ಆಗ ಲೆಂಡಲ್ ಅವರನ್ನು ಕೋಚ್ ಆಗಿ ಕರೆತಂದರು. ಲೆಂಡಲ್ ಎಂಟು ಗ್ರ್ಯಾಂಡ್ ಸ್ಲಾಮ್ ಗೆದ್ದವರು, ನಿಜ. ಆದರೆ ಅವರೂ ತಮ್ಮ ಮೊದಲ ನಾಲ್ಕು ಫೈನಲ್ ಸೋತಿದ್ದರು. ಬೋರ್ಗ್ ಎದುರು ಒಂದು, ಕಾನರ್ಸ್ ಎದುರು ಎರಡು, ವಿಲಾಂಡರ್ ಎದುರು ಒಂದು. ಒತ್ತಡ ತಡೆಯಲಾರದವನು ಅಂತ ಜನ ಆಡಿಕೊಳ್ಳುತ್ತಿದ್ದರು. ಐದನೆಯದು 1984ರ ಫ್ರೆಂಚ್ ಓಪನ್. ಮೆಕೆನ್ರೋ ಎದುರು ಎರಡು ಸೆಟ್ ಹಿಂದೆ ಬಿದ್ದು, ಅಲ್ಲಿಂದ ಎದ್ದು ಗೆದ್ದರು.

ಈಗ ಮರ್ರೆ ಕಡೆ ಬನ್ನಿ. 2012ರ ವಿಂಬಲ್ಡನ್ ಅವರ ನಾಲ್ಕನೇ ಫೈನಲ್. ಫೆಡರರ್ ಎದುರು ಮೊದಲ ಸೆಟ್ ಗೆದ್ದರು, ಪಂದ್ಯ ಸೋತರು, ಮೈಕ್ ಮುಂದೆ ಅತ್ತರು. ಐದನೆಯದು ಅದೇ ವರ್ಷದ ಯುಎಸ್ ಓಪನ್, ಜೊಕೊವಿಚ್ ಎದುರು. ಮೊದಲ ಸೆಟ್ಟಿನ ಟೈಬ್ರೇಕೇ (6-6 ಸಮವಾದಾಗ ಸೆಟ್ ತೀರ್ಮಾನಿಸುವ ಗೇಮ್) 12-10ಕ್ಕೆ ಹೋಯಿತು. ಎರಡು ಸೆಟ್ ಮುಂದಿದ್ದ ಮರ್ರೆ ಆಮೇಲೆ ಎರಡನ್ನೂ ಬಿಟ್ಟುಕೊಟ್ಟರು. ಐದನೇ ಸೆಟ್ಟಿಗೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ, ಕನ್ನಡಿ ಮುಂದೆ ನಿಂತು, ತಮಗೆ ತಾವೇ ಜೋರಾಗಿ ಧೈರ್ಯ ಹೇಳಿಕೊಂಡರಂತೆ. ಐದನೇ ಸೆಟ್ 6-2. ಒಟ್ಟು 4 ಗಂಟೆ 54 ನಿಮಿಷದ ಆಟ.

ಆ ಹೊತ್ತಿನಲ್ಲಿ ಲೆಂಡಲ್ ಏನು ಮಾಡುತ್ತಿದ್ದರು? ಏನೂ ಇಲ್ಲ. ಆಗ ಗ್ರ್ಯಾಂಡ್ ಸ್ಲಾಮ್ ಪಂದ್ಯದ ನಡುವೆ ಕೋಚ್ ಮಾತಾಡುವಂತಿರಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೂತಿದ್ದರು, ಅಷ್ಟೇ. ಮರ್ರೆಯ ಫೋರ್‌ಹ್ಯಾಂಡ್ ಇನ್ನಷ್ಟು ಆಕ್ರಮಣಕಾರಿಯಾಗಲು ಅವರು ಕಾರಣ ಅನ್ನುವುದು ಸರಿಯೇ. ಆದರೆ ಅದನ್ನು ಬೇರೆ ಕೋಚ್ ಕೂಡ ಹೇಳಿಕೊಡಬಹುದಿತ್ತು. 'ನಾಲ್ಕು ಸೋತೆ, ಆಮೇಲೂ ಎಂಟು ಗೆದ್ದೆ' ಅಂತ ಹೇಳಲು ಮಾತ್ರ ಆಸಾಮಿ ಅದನ್ನು ಬದುಕಿರಬೇಕು. ಮರ್ರೆ ಗೆದ್ದ ಮೂರೂ ಗ್ರ್ಯಾಂಡ್ ಸ್ಲಾಮ್ ಬಂದಿದ್ದು ಲೆಂಡಲ್ ಜೊತೆಗಿದ್ದಾಗಲೇ.

ಬೆಕರ್ ವಿಷಯ ಸ್ವಲ್ಪ ಬೇರೆ. ಅವರಿದ್ದ ಮೂರು ವರ್ಷದಲ್ಲಿ ಜೊಕೊವಿಚ್ ಆರು ಗ್ರ್ಯಾಂಡ್ ಸ್ಲಾಮ್ ಗೆದ್ದರು. ಆದರೆ ಪಕ್ಕದಲ್ಲೇ ಮರಿಯನ್ ವಾಯ್ದಾ ಇದ್ದರು. ಆಡುವ ಕಾಲದಲ್ಲಿ 34ನೇ ರ‍್ಯಾಂಕಿಗಿಂತ ಮೇಲೆ ಹೋಗದ ಸ್ಲೋವಾಕ್ ಆಟಗಾರ. ಜೊಕೊವಿಚ್ ಆಟದ ಬುನಾದಿ ಗಟ್ಟಿ ಮಾಡಿದ ಮನುಷ್ಯ ಅವರು. ಪೇಪರಿನಲ್ಲಿ ಬರುತ್ತಿದ್ದ ಹೆಸರು ಮಾತ್ರ ಬೆಕರ್‌ದು!

ಕೋಚ್ ಆಗಿ ಎಡ್ಬರ್ಗ್‌ಗೆ ಒಂದೂ ಗ್ರ್ಯಾಂಡ್ ಸ್ಲಾಮ್ ಸಿಗಲಿಲ್ಲ. ಆದರೂ ಅವರನ್ನು ಫೇಲ್ ಅನ್ನಲು ನನಗೆ ಮನಸ್ಸು ಬಾರದು. 2013ರಲ್ಲಿ ಫೆಡರರ್ ವಿಂಬಲ್ಡನ್ ಎರಡನೇ ಸುತ್ತಿನಲ್ಲಿ 116ನೇ ರ‍್ಯಾಂಕಿನವನಿಗೆ ಸೋತಿದ್ದರು. ಎಡ್ಬರ್ಗ್ ಬಂದ ಮೇಲೆ ನೆಟ್ಟಿಗೆ ನುಗ್ಗುವುದು ಹೆಚ್ಚಿತು, ಮೂರು ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿದರು. ಹಾಗೆಂದು ಪೂರ್ತಿ ಶ್ರೇಯ ಎಡ್ಬರ್ಗ್‌ದೂ ಅಲ್ಲ. ಫೆಡರರ್ ದೊಡ್ಡ ತಲೆಯ ರ‍್ಯಾಕೆಟ್ ಹಿಡಿದಿದ್ದೂ ಅದೇ 2014ರಲ್ಲಿ. 2015ರ ಯುಎಸ್ ಓಪನ್ ಫೈನಲ್‌ನಲ್ಲಿ ಫೆಡರರ್‌ಗೆ 23 ಬ್ರೇಕ್ ಪಾಯಿಂಟ್ (ಎದುರಾಳಿ ಸರ್ವ್ ಮಾಡುವ ಗೇಮ್ ಗೆಲ್ಲುವ ಅವಕಾಶ) ಸಿಕ್ಕಿ, ಬಳಸಿಕೊಂಡಿದ್ದು 4. ಅದಕ್ಕೆ ಯಾವ ಕೋಚ್ ಏನು ಮಾಡಲು ಸಾಧ್ಯ?

ದೊಡ್ಡ ಹೆಸರು ಮಣ್ಣುಪಾಲಾದ ಉದಾಹರಣೆಯೂ ಇದೆ. ಜಿಮ್ಮಿ ಕಾನರ್ಸ್ 2013ರಲ್ಲಿ ಶರಪೋವಾಗೆ ಕೋಚ್ ಆದರು. ಒಂದೇ ಪಂದ್ಯ. ಶರಪೋವಾ ಸೋತರು, ಕಾನರ್ಸ್ ಮನೆಗೆ ಹೋದರು.

ಇನ್ನೊಂದು ಕಡೆ ಡ್ಯಾರೆನ್ ಕಾಹಿಲ್ ನೋಡಿ. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 22. ಹೆವಿಟ್, ಅಗಾಸಿ, ಹಾಲೆಪ್, ಆಮೇಲೆ ಸಿನ್ನರ್, ಎಲ್ಲರೂ ಅವರನ್ನು ಹುಡುಕಿಕೊಂಡು ಬಂದವರೇ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಕೂಡ ಹಾಗೇ. 43ನೇ ವಯಸ್ಸಿನಲ್ಲಿ ಡಬಲ್ಸ್ ನಂಬರ್ ಒನ್ ಆದಾಗ ಅವರ ಕೋಚ್ ಸ್ಕಾಟ್ ಡೇವಿಡಾಫ್. ಆ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾಗಿ ನನ್ನ ಲೆಕ್ಕ ಹೀಗಿದೆ. ದಿನದಿನದ ಕೆಲಸಕ್ಕೆ ಕಾಹಿಲ್, ವಾಯ್ದಾ ಥರದವರೇ ಬೇಕು. ಫೈನಲ್ ಭಯ ಕಳೆಯಲು ಮಾತ್ರ ಚಾಂಪಿಯನ್ ಬೇಕು, ಅದರಲ್ಲೂ ಸೋತು ಗೊತ್ತಿರುವ ಚಾಂಪಿಯನ್.

ಈ ಲೆಕ್ಕಕ್ಕೆ ಅಡ್ಡ ಬರುವ ಒಂದು ಜೋಡಿ ನಿಮ್ಮ ತಲೆಯಲ್ಲಿ ಆಗಲೇ ಬಂದಿರಬೇಕು. 2024ರ ನವೆಂಬರ್‌ನಲ್ಲಿ ಜೊಕೊವಿಚ್ ಅದೇ ಮರ್ರೆಯನ್ನು ಕೋಚ್ ಮಾಡಿಕೊಂಡರು. ಸೋಲು ಗೊತ್ತು, ಗೆಲುವು ಗೊತ್ತು, ಹಳೆಯ ಎದುರಾಳಿ ಜೊಕೊವಿಚ್ ಆಟವಂತೂ ಮರ್ರೆಗೆ ಬಾಯಿಪಾಠ. ಆದರೂ ಮೇ ತಿಂಗಳಿಗೆ ಬೇರೆಯಾದರು, ಒಂದು ಟ್ರೋಫಿಯೂ ಇಲ್ಲದೆ. ನನಗನ್ನಿಸುವುದು, ಜೊಕೊವಿಚ್ ಆಗಲೇ 24 ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದರು. ಮರ್ರೆ ಕಳೆಯಬಲ್ಲ ಭಯ ಅವರಿಗೆ ಇರಲೇ ಇಲ್ಲ. ಅವರ ತೊಂದರೆ 37 ದಾಟಿದ ಮೈಯದು. ಅದಕ್ಕೆ ಮರ್ರೆ ಹತ್ತಿರ ಮದ್ದಿರಲಿಲ್ಲ. ನಿಮಗೆ ಬೇರೆ ಥರ ಅನ್ನಿಸಿದರೆ ಈಗ ಕೇಳಿ, ಮೈಕ್ ಹಿಂದಿನ ಸಾಲಿಗೂ ಬರುತ್ತದೆ.